ಬೆಳೆಯ ರೋಗಗಳ ಛಾಯಾಚಿತ್ರವನ್ನು ತೆಗೆಯುವ ಕ್ರಮ

(ಕೃಷಿ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ರೋಗ ತಗಲಿದ ಗಿಡವನ್ನು ಬೇರುಸಹಿತ ಕಿತ್ತು, ಕಾಗದದಲ್ಲಿ ಸುತ್ತಿ, ಕೃಷಿ ಕಚೇರಿಗೆ ತಂದು ತೋರಿಸಿ ಸಲಹೆ ಪಡೆಯುವುದು ಹಿಂದಿನಿಂದ ನಡೆದುಬಂದ ಪದ್ಧತಿಯಾಗಿದೆ. ಈಗಲಾದರೋ ಕ್ಯಾಮೆರಾ ಇರುವ ಮೊಬೈಲ್ ಫೋನು ಹಳ್ಳಿಹಳ್ಳಿಗೂ ಬಂದಿರುವುದರಿಂದ, ಗಿಡಕ್ಕಿಂತ ಮುಂಚೆ ಗಿಡದ ಚಿತ್ರವೇ ನಮ್ಮ ಕೈಸೇರುತ್ತದೆ. ಇದರಿಂದ ರೈತರಿಗೆ ದಾರಿಯ ಖರ್ಚೂ ದಿನದ ಕೆಲಸವೂ ಉಳಿಯುವುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಚಿತ್ರವೂ ಒಂದು ಮಾದರಿಯೇ ಎಂಬುದನ್ನು ಮರೆಯಕೂಡದು. ಗೊಬ್ಬರದ ಗುಡ್ಡೆಯ ಪಕ್ಕದಿಂದ ತೆಗೆದ ಮಣ್ಣಿನ ಮಾದರಿಯು ಹೇಗೆ ಇಡೀ ಹೊಲದ ಗುಣವನ್ನು ತಪ್ಪಾಗಿ ತೋರಿಸುವುದೋ, ಹಾಗೆಯೇ ಕೆಟ್ಟ ಬೆಳಕಿನಲ್ಲಿ ತೆಗೆದ ಚಿತ್ರವು ಇಲ್ಲದ ರೋಗವನ್ನು ತೋರಿಸುವುದು, ಇರುವ ರೋಗವನ್ನು ಮರೆಮಾಡುವುದು.

ಇದು ನನ್ನ ಸ್ವಂತ ಅನುಭವದಿಂದ ಬಂದ ಮಾತು. ಕೆಲವು ವರ್ಷಗಳ ಹಿಂದೆ, ಮಲೆನಾಡಿನ ಅಂಚಿನ ಗ್ರಾಮವೊಂದರ ಜಮೀನುದಾರರೊಬ್ಬರು ಭತ್ತದ ಎಲೆಯ ಚಿತ್ರವೊಂದನ್ನು ರಾತ್ರಿಯ ವೇಳೆ ನನಗೆ ಕಳುಹಿಸಿದರು. ಅದು ಹಜಾರದ ಹಳದಿ ದೀಪದ ಕೆಳಗೆ ತೆಗೆದದ್ದು. ಕೈ ಸ್ವಲ್ಪ ನಡುಗಿತ್ತು. ಎಲೆಯ ಮೇಲೆ ಕಂದುಬಣ್ಣದ ಚುಕ್ಕೆಗಳು ಕಂಡುವೇ ಹೊರತು, ಚುಕ್ಕೆಯ ನಡುಭಾಗದ ಬಣ್ಣವಾಗಲಿ ತುದಿಯ ಆಕಾರವಾಗಲಿ ಕಾಣುತ್ತಿರಲಿಲ್ಲ. ನಾನು ಅದನ್ನು ಕಂದುಚುಕ್ಕೆ ರೋಗವೆಂದು ಭಾವಿಸಿದೆನು. ಸಾರ ಕಡಮೆಯಾದ ನೆಲದಲ್ಲಿ ಆ ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ಯೂರಿಯಾ ಮೇಲುಗೊಬ್ಬರವನ್ನು ಕೊಡುವಂತೆ ಬರೆದೆನು. ಅವರು ಆ ವಾರದಲ್ಲಿಯೇ ಕೊಟ್ಟರು. ಹನ್ನೆರಡು ದಿನಗಳ ಮೇಲೆ ಆ ದಾರಿಯಲ್ಲಿ ಹೋಗುವ ಸಂದರ್ಭ ಒದಗಿ ಗದ್ದೆಗೆ ಇಳಿದು ನೋಡಲಾಗಿ, ಚುಕ್ಕೆಗಳ ಎರಡು ತುದಿಗಳೂ ಚೂಪಾಗಿದ್ದವು, ನಡುಭಾಗ ಬೂದಿಬಣ್ಣವಾಗಿತ್ತು. ಅದು ಬೆಂಕಿ ರೋಗ. ಸಾರಜನಕವು ಅಧಿಕವಾದಷ್ಟೂ ಆ ರೋಗವು ಹಬ್ಬುವುದೆಂಬುದನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದವನು. ಪೈರು ಕಪ್ಪು ಹಸಿರಾಗಿ ಸೊಕ್ಕಿತ್ತು. ತೆನೆ ಹೊರಟಾಗ ಕುತ್ತಿಗೆಯು ಕಪ್ಪಾಗಿ ಬಹುಪಾಲು ಜಳ್ಳಾಯಿತು.

ಆ ಜಮೀನುದಾರರು ನನ್ನನ್ನು ದೂರಲಿಲ್ಲ. “ಸ್ವಾಮಿ, ನಾನು ಹಗಲಿನಲ್ಲೇ ತೆಗೆಯಬೇಕಾಗಿತ್ತು” ಎಂದಷ್ಟೇ ಹೇಳಿದರು. ಆದರೆ ಅಸ್ಪಷ್ಟವಾದ ಚಿತ್ರವನ್ನು ನೋಡಿ, “ಬೆಳಿಗ್ಗೆ ಮತ್ತೊಂದನ್ನು ತೆಗೆದು ಕಳುಹಿಸಿ” ಎಂದು ಕೇಳದೆ ಉತ್ತರ ಕೊಟ್ಟ ತಪ್ಪು ನನ್ನದೇ. ಅಂಥ ತಪ್ಪು ಎರಡು ಕಡೆಯಿಂದಲೂ ಮತ್ತೆ ಆಗಬಾರದೆಂಬ ಉದ್ದೇಶದಿಂದ, ಚಿತ್ರ ತೆಗೆಯುವುದನ್ನು ಕಸಬಾಗಿ ಕಲಿಯದ ರೈತರೂ ಅನುಸರಿಸಬಹುದಾದ ಕೆಲವು ಅಂಶಗಳನ್ನು ಕೆಳಗೆ ವಿವರಿಸಿದ್ದೇನೆ.

೧. ಚಿತ್ರದಲ್ಲಿ ಏನು ಕಾಣಬೇಕು?

ಕ್ಯಾಮೆರಾವನ್ನು ಹಿಡಿಯುವುದಕ್ಕೆ ಮೊದಲು, ನೋಡುವವನು ಯಾವ ಗುರುತಿನಿಂದ ರೋಗವನ್ನು ನಿರ್ಣಯಿಸುವನೆಂಬುದನ್ನು ತಿಳಿದಿರಬೇಕು. ಭತ್ತದ ಬೆಂಕಿ ರೋಗದ ಚುಕ್ಕೆಯು ಕಣ್ಣಿನ ಆಕಾರದಲ್ಲಿದ್ದು, ನಡುವೆ ಬೂದಿಬಣ್ಣವೂ ಅಂಚಿನಲ್ಲಿ ಕಂದುಬಣ್ಣವೂ ಇರುವುದು. ಕಂದುಚುಕ್ಕೆ ರೋಗದ್ದಾದರೋ ಎಳ್ಳಿನಂತೆ ಸಣ್ಣಗೆ, ಅಂಡಾಕಾರವಾಗಿದ್ದು, ಸುತ್ತಲೂ ಅನೇಕವೇಳೆ ಹಳದಿಯ ಬಳೆಯನ್ನು ಹೊಂದಿರುವುದು. ದುಂಡಾಣುವಿನಿಂದ ಬರುವ ಅಂಗಮಾರಿಯು ಎಲೆಯ ತುದಿಯಿಂದ ಆರಂಭವಾಗಿ ಅಂಚುಗುಂಟ ಅಲೆಅಲೆಯಾಗಿ ಕೆಳಗಿಳಿಯುವುದು. ಈ ಮೂರನ್ನೂ ಬೇರ್ಪಡಿಸುವ ಗುರುತುಗಳೆಲ್ಲ ಒಂದೆರಡು ಅಂಗುಲದೊಳಗೆ ಇರುತ್ತವೆ. ಇವು ಕಾಣದಿದ್ದರೆ ಚಿತ್ರವು ಎಷ್ಟು ಅಂದವಾಗಿದ್ದರೂ ವ್ಯರ್ಥ.

ಕೀಟಗಳ ವಿಷಯವೂ ಹೀಗೆಯೇ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು ೨೦೧೮ರಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿಯೇ ಪತ್ತೆಯಾಯಿತು. ಆ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ತಿಳಿ ಗೆರೆಯೂ, ಹಿಂತುದಿಯ ಸಮೀಪದ ಒಂದು ಖಂಡದ ಮೇಲೆ ಚೌಕದ ಮೂಲೆಗಳಂತೆ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಬೇರೆ ಹುಳುಗಳಿಂದ ಅದನ್ನು ಹೊಲದಲ್ಲಿಯೇ ಗುರುತಿಸಲು ಇವೆರಡೇ ಮುಖ್ಯ ಆಧಾರಗಳು. ಆದಕಾರಣ ಸುಳಿಯೊಳಗೆ ಅಡಗಿರುವ ಹುಳುವನ್ನು ಅಲ್ಲಿಯೇ ತೆಗೆದ ಚಿತ್ರದಿಂದ ಪ್ರಯೋಜನ ಕಡಮೆ. ಹುಳುವನ್ನು ಹೊರತೆಗೆದು, ಅದರ ಬೆನ್ನು ಮೇಲಾಗಿರುವಂತೆ ಇಟ್ಟು, ತಲೆಯೂ ಹಿಂತುದಿಯೂ ಒಟ್ಟಿಗೆ ಕಾಣುವಂತೆ ತೆಗೆಯತಕ್ಕದ್ದು.

೨. ಉಪಕರಣಗಳು

ಈ ಕೆಲಸಕ್ಕೆ ಹೆಚ್ಚು ಬೆಲೆಯ ಕ್ಯಾಮೆರಾ ಅವಶ್ಯವಿಲ್ಲ. ಸಾಧಾರಣ ಮೊಬೈಲ್ ಫೋನೇ ಸಾಕು. ಅದರ ಜೊತೆಗೆ ಪ್ರತಿ ಮನೆಯಲ್ಲಿಯೂ ದೊರೆಯುವ ಈ ಕೆಳಗಿನ ಸಾಮಾನುಗಳನ್ನು ಒಂದು ಕೈಚೀಲದಲ್ಲಿ ಇಟ್ಟುಕೊಂಡರೆ ಬಹಳ ಅನುಕೂಲವಾಗುವುದು:

(ಅ) ಒಗೆದು ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಯ ತುಂಡು. ಫೋನಿನ ಮಸೂರದ ಮೇಲೆ ಬೆರಳಿನ ಜಿಡ್ಡು, ಹೊಲದ ಧೂಳು, ಸಿಂಪಡಿಸಿದ ಔಷಧದ ಹನಿ ಕುಳಿತಿರುವುದುಂಟು. ನಮಗೆ ಬರುವ ಮಬ್ಬು ಚಿತ್ರಗಳಲ್ಲಿ ಎಷ್ಟೋ ಚಿತ್ರಗಳಿಗೆ ಕ್ಯಾಮೆರಾದ ದೋಷ ಕಾರಣವಲ್ಲ, ಈ ಜಿಡ್ಡೇ ಕಾರಣ. ಮೊದಲು ಧೂಳನ್ನು ಊದಿ, ಆಮೇಲೆ ಒರಸಬೇಕು. ಮರಳಿನ ಕಣವಿರುವಾಗಲೇ ಒರಸಿದರೆ ಗೀರು ಬೀಳುವುದು.

(ಆ) ಒಂದು ಗೋಣಿಚೀಲ ಅಥವಾ ಮಕ್ಕಳ ಸ್ಲೇಟು. ಎಲೆಯನ್ನಾಗಲಿ ಹುಳುವನ್ನಾಗಲಿ ಇದರ ಮೇಲೆ ಇಟ್ಟು ಚಿತ್ರ ತೆಗೆಯಲಿಕ್ಕೆ.

(ಇ) ಒಂದು ಅಡಿಕೋಲು. ಚುಕ್ಕೆಯ ಅಥವಾ ಹುಳುವಿನ ಅಳತೆಯು ತಿಳಿಯುವಂತೆ ಪಕ್ಕದಲ್ಲಿ ಇಡಲಿಕ್ಕೆ. ಇದಿಲ್ಲದಿದ್ದರೆ ಒಂದು ಬೆಂಕಿಕಡ್ಡಿಯಾದರೂ ಇರಲಿ.

(ಈ) ಒಂದು ಬಿಳಿಯ ಪಂಚೆ ಮತ್ತು ಒಂದು ಕಪ್ಪು ಕೊಡೆ. ಇವುಗಳ ಉಪಯೋಗವನ್ನು ಮುಂದೆ ಹೇಳಿದೆ.

(ಉ) ದೊರೆತರೆ ಒಂದು ಭೂತಗನ್ನಡಿ. ಫೋನಿನ ಮಸೂರಕ್ಕೆ ಇದನ್ನು ಒತ್ತಿ ಹಿಡಿದು, ವಸ್ತುವಿನ ಸಮೀಪಕ್ಕೆ ಹೋಗಿ ತೆಗೆದರೆ, ನುಸಿ ಹೇನುಗಳಂಥ ಸೂಕ್ಷ್ಮ ಕೀಟಗಳೂ ಕಾಣುವವು.

ಫೋನಿನ ಪರದೆಯ ಮೇಲೆ ಎರಡು ಬೆರಳಾಡಿಸಿ ಚಿತ್ರವನ್ನು ಹಿಗ್ಗಿಸಿ ತೆಗೆಯುವ ಅಭ್ಯಾಸವು ಒಳ್ಳೆಯದಲ್ಲ. ಸಾಧಾರಣ ಫೋನುಗಳಲ್ಲಿ ಇದರಿಂದ ಹೊಸ ವಿವರವೇನೂ ಬರುವುದಿಲ್ಲ. ಇದ್ದ ಚಿತ್ರವೇ ಹಿಗ್ಗಿ ಒಡೆಯುವುದು. ದೊಡ್ಡದಾಗಿ ಕಾಣಬೇಕಾದರೆ ನಾವೇ ನಡೆದು ಹತ್ತಿರ ಹೋಗತಕ್ಕದ್ದು.

೩. ಬೆಳಕು

ಚಿತ್ರವನ್ನು ಬರೆಯುವುದು ಬೆಳಕು. ಕ್ಯಾಮೆರಾ ಅದರ ಲೇಖನಿ ಮಾತ್ರ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬೀಳುವುದರಿಂದ, ಮೇಲಿನ ಎಲೆಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಕೆಳಗಿನ ಎಲೆಗಳು ನೆರಳಿನಲ್ಲಿ ಮುಳುಗುತ್ತವೆ. ಅಲ್ಲದೆ ಭತ್ತ, ಅಡಿಕೆ, ಬಾಳೆಗಳ ಎಲೆಯ ಮೇಣದ ಹೊಳಪು ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆ ಎಸೆದು ಚುಕ್ಕೆಗಳನ್ನು ಮುಚ್ಚಿಬಿಡುವುದು. ಬೆಳಗಿನ ಇಬ್ಬನಿ ಆರಿದ ಮೇಲೆ ಸುಮಾರು ಹತ್ತು ಗಂಟೆಯವರೆಗೆ, ಮತ್ತು ಸಂಜೆ ನಾಲ್ಕು ಗಂಟೆಯಿಂದ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲಿನವರೆಗೆ ಇರುವ ಬೆಳಕು ಯೋಗ್ಯವಾದುದು. ಇಬ್ಬನಿ ಇರುವಾಗ ಹನಿಗಳ ಮಿನುಗು ಅಡ್ಡಿಯಾಗುವುದು. ಇಳಿಹೊತ್ತಿನ ಕೆಂಬೆಳಕು ಆರೋಗ್ಯವಾದ ಪೈರನ್ನೂ ಹಳದಿಯಾಗಿ ತೋರಿಸುವುದರಿಂದ, ಗೊಬ್ಬರದ ಕೊರತೆಯೆಂದು ತಪ್ಪು ತಿಳಿಯುವ ಸಂಭವವುಂಟು.

ತೆಳುವಾದ ಮೋಡ ಕವಿದ ಹಗಲು ಎಲ್ಲಕ್ಕಿಂತಲೂ ಉತ್ತಮ. ಆಗ ಆಕಾಶವೆಲ್ಲವೂ ಒಂದೇ ದೀಪವಾಗಿ ಎಲ್ಲ ಕಡೆಯಿಂದಲೂ ಮೃದುವಾದ ಬೆಳಕನ್ನು ಕೊಡುವುದು. ಬಿಸಿಲಿನಲ್ಲಿಯೇ ತೆಗೆಯಬೇಕಾಗಿ ಬಂದರೆ, ಒಬ್ಬರು ಕಪ್ಪು ಕೊಡೆಯನ್ನು ಹಿಡಿದು ಗಿಡಕ್ಕೆ ಪೂರ್ಣವಾಗಿ ನೆರಳು ಮಾಡಬೇಕು. ಅರೆ ನೆರಳು ಅರೆ ಬಿಸಿಲು ಇರಕೂಡದು. ಒಂದು ಪಾರ್ಶ್ವದಲ್ಲಿ ಕತ್ತಲೆ ಹೆಚ್ಚಾದರೆ, ಆ ಕಡೆಗೆ ಬಿಳಿಯ ಪಂಚೆಯನ್ನು ಅಗಲವಾಗಿ ಹಿಡಿದರೆ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳನ್ನು ತುಂಬುವುದು. ಹಸಿರು ನೆರಳುಬಲೆಯ ಕೆಳಗಾಗಲಿ ಬಣ್ಣದ ಕೊಡೆಯ ಕೆಳಗಾಗಲಿ ತೆಗೆದರೆ ಆ ಬಣ್ಣವು ಎಲೆಗೂ ಹತ್ತುವುದರಿಂದ ಅದನ್ನು ವರ್ಜಿಸಬೇಕು. ಮನೆಯೊಳಗೆ ದೀಪದ ಬೆಳಕಿನಲ್ಲಿ ರೋಗದ ಚಿತ್ರವನ್ನು ಸರ್ವಥಾ ತೆಗೆಯಕೂಡದು. ಬೆಳಗಾಗುವವರೆಗೆ ಕಾಯುವುದು ಲೇಸು.

ಫೋನಿನ ಮಿಂಚುದೀಪವು ಸ್ವಲ್ಪ ದೂರದವರೆಗೆ ಮಾತ್ರ ಕೆಲಸಕ್ಕೆ ಬರುವುದು. ದೂರವು ಎರಡರಷ್ಟಾದರೆ ಆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಆದುದರಿಂದ ರಾತ್ರಿಯಲ್ಲಿ ಹೊಲದ ಚಿತ್ರಕ್ಕೆ ಅದು ನಿರುಪಯೋಗಿ. ತೀರ ಹತ್ತಿರದ ಎಲೆಗೆ ಹಿಡಿದರೆ ಎಲೆಯ ನಡುವೆ ಬಿಳಿಯ ಮಚ್ಚೆಯನ್ನು ಉಂಟುಮಾಡುವುದು.

೪. ಬೆಳಕಿನ ಪ್ರಮಾಣ

ಕ್ಯಾಮೆರಾದೊಳಕ್ಕೆ ಬಿಡುವ ಬೆಳಕಿನ ಪ್ರಮಾಣವನ್ನು ಕೆರೆಯ ತೂಬಿನ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಗದ್ದೆಗೆ ಎಷ್ಟು ನೀರು ಹರಿಯಿತೆಂಬುದು ತೂಬಿನ ಕಂಡಿಯ ಅಗಲ, ಅದನ್ನು ತೆರೆದಿಟ್ಟ ಕಾಲ ಇವೆರಡರಿಂದ ನಿರ್ಧಾರವಾಗುವುದು. ಆ ನೀರು ಸಾಕಾಯಿತೇ ಇಲ್ಲವೇ ಎಂಬುದು ನೆಲದ ಗುಣವನ್ನು ಅವಲಂಬಿಸುವುದು. ಕ್ಯಾಮೆರಾದಲ್ಲಿಯೂ ಮಸೂರದ ಕಂಡಿ, ಷಟರು ತೆರೆದಿರುವ ಕಾಲ, ಬೆಳಕನ್ನು ಗ್ರಹಿಸುವ ಶಕ್ತಿ ಎಂಬ ಮೂರು ಅಂಶಗಳಿವೆ. ಕೊನೆಯದನ್ನು ಐ.ಎಸ್.ಓ. ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಈ ಸಂಖ್ಯೆಯನ್ನು ಏರಿಸಿದರೆ ಅಲ್ಪ ಬೆಳಕಿನಲ್ಲಿಯೂ ಚಿತ್ರ ಬರುವುದು, ಆದರೆ ಮರಳು ಎರಚಿದಂತೆ ಒರಟಾಗುವುದು.

ಕೈಯಿಂದ ಹೊಂದಿಸುವ ಕ್ಯಾಮೆರಾವಿದ್ದವರು ಒಂದು ಹಳೆಯ ಸೂತ್ರವನ್ನು ನೆನಪಿಟ್ಟರೆ ಸಾಕು. ನಿರ್ಮಲವಾದ ಬಿಸಿಲಿನಲ್ಲಿ ಕಂಡಿಯ ಸಂಖ್ಯೆಯನ್ನು ೧೬ಕ್ಕೆ ಇಟ್ಟು, ಷಟರಿನ ಕಾಲವನ್ನು ಐ.ಎಸ್.ಓ. ಸಂಖ್ಯೆಗೆ ಸರಿಯಾಗಿ, ಅಂದರೆ ೧೦೦ಕ್ಕೆ ಒಂದು ಸೆಕೆಂಡಿನ ೧೦೦ನೆಯ ಅಥವಾ ೧೨೫ನೆಯ ಒಂದು ಪಾಲಾಗಿ ಇಡುವುದು. ನೆರಳಿನ ಅಂಚು ಮಸುಕಾಗುವಷ್ಟು ತೆಳುಮೋಡವಿದ್ದರೆ ಕಂಡಿಯನ್ನು ೧೧ಕ್ಕೂ, ನೆರಳೇ ಬೀಳದಂಥ ಮೋಡದಲ್ಲಿ ೮ಕ್ಕೂ, ದಟ್ಟವಾದ ಮಳೆಮೋಡದಲ್ಲಿ ೫.೬ಕ್ಕೂ ಇಳಿಸಬೇಕು. ಸಂಖ್ಯೆ ಕಡಮೆಯಾದಂತೆ ಕಂಡಿ ಅಗಲವಾಗುವುದೆಂಬುದನ್ನು ಗಮನಿಸಬೇಕು. ಇಲ್ಲಿಯ ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿಯಾಗುವುದು.

ಮೊಬೈಲ್ ಫೋನು ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುವುದು. ಆದರೆ ಅದರ ಲೆಕ್ಕವು ಒಂದು ಊಹೆಯ ಮೇಲೆ ನಿಂತಿದೆ: ತನ್ನೆದುರಿಗೆ ಇರುವುದೆಲ್ಲವೂ ಸರಾಸರಿಯಲ್ಲಿ ಬೂದುಬಣ್ಣದಷ್ಟು ಮಧ್ಯಮವಾದ ಹೊಳಪುಳ್ಳದ್ದು ಎಂದು ಅದು ಎಣಿಸುವುದು. ಈ ಊಹೆ ತಪ್ಪುವ ಸಂದರ್ಭಗಳು ನಮ್ಮ ಹೊಲಗಳಲ್ಲಿ ಮೂರುಂಟು.

ಮೊದಲನೆಯದು, ಆಕಾಶವನ್ನು ಹಿನ್ನೆಲೆಯಾಗಿ ಮಾಡಿ ಅಡಿಕೆಗೊನೆಯನ್ನು ತೆಗೆಯುವುದು. ಆಕಾಶದ ಬೆಳಕಿಗೆ ಹೆದರಿ ಕ್ಯಾಮೆರಾ ಬೆಳಕನ್ನು ತಗ್ಗಿಸುವುದರಿಂದ ಗೊನೆಯೆಲ್ಲ ಕಪ್ಪಾಗಿ, ಕೊಳೆರೋಗವಿದೆಯೋ ಇಲ್ಲವೋ ತಿಳಿಯದು. ಆಗ ಪರದೆಯ ಮೇಲೆ ಗೊನೆಯಿರುವ ಜಾಗವನ್ನೇ ಬೆರಳಿನಿಂದ ಮುಟ್ಟಿ, ಬೆಳಕಿನ ಗುರುತನ್ನು ಮೇಲಕ್ಕೆ ಸರಿಸಬೇಕು. ಇದಕ್ಕಿಂತಲೂ ಸುಲಭವಾದ ಉಪಾಯವೆಂದರೆ, ಆಗತಾನೆ ಉದುರಿದ ಕಾಯಿಗಳನ್ನು ಗೋಣಿಯ ಮೇಲೆ ಹರಡಿ, ತೊಟ್ಟಿನ ಕಡೆಯ ನೀರುಗೂಡಿದ ಮಚ್ಚೆಯೂ ಬಿಳಿಯ ಬೂಷ್ಟೂ ಕಾಣುವಂತೆ ನೆರಳಿನಲ್ಲಿ ತೆಗೆಯುವುದು.

ಎರಡನೆಯದು, ಎರೆಭೂಮಿಯ ಎಳೆಯ ಪೈರು. ಕಪ್ಪು ಮಣ್ಣೇ ಚಿತ್ರದ ಬಹುಭಾಗವನ್ನು ಆಕ್ರಮಿಸಿದಾಗ ಕ್ಯಾಮೆರಾ ಬೆಳಕನ್ನು ಹೆಚ್ಚಿಸುವುದರಿಂದ, ಹಸಿರು ಎಲೆಯು ಬಿಳಿಚಿಕೊಂಡಂತೆ ತೋರುವುದು. ಇಲ್ಲಿ ಗುರುತನ್ನು ಕೆಳಕ್ಕೆ ಸರಿಸಬೇಕು.

ಮೂರನೆಯದು, ಎಲೆಯನ್ನು ಬಿಳಿಯ ಕಾಗದದ ಮೇಲೆ ಇಟ್ಟು ತೆಗೆಯುವುದು. ಇದು ಚೊಕ್ಕಟವಾಗಿ ಕಂಡರೂ ಎಲೆ ಕಪ್ಪಾಗುವುದು. ಗೋಣಿಯನ್ನೂ ಸ್ಲೇಟನ್ನೂ ನಾನು ಹೇಳಿದ್ದು ಈ ಕಾರಣಕ್ಕಾಗಿಯೇ. ಗೋಣಿಯ ಹೊಳಪು ಕ್ಯಾಮೆರಾದ ಊಹೆಗೆ ಬಹಳಮಟ್ಟಿಗೆ ಸಮೀಪವಾದುದು. ಸ್ಲೇಟು ಅದಕ್ಕಿಂತ ಕಪ್ಪಾದುದರಿಂದ, ಅದನ್ನು ಬಳಸುವಾಗ ಎಲೆಯೇ ಚಿತ್ರವನ್ನು ತುಂಬುವಂತೆ ನೋಡಿಕೊಳ್ಳಬೇಕು. ಕಾಗದದ ಒಂದು ಚಿಕ್ಕ ಚೂರನ್ನು ಮಾತ್ರ ಎಲೆಯ ಪಕ್ಕದಲ್ಲಿ ಇಟ್ಟರೆ ಉಪಕಾರವಾಗುವುದು: ಆ ಚೂರು ಚಿತ್ರದಲ್ಲಿ ಹಳದಿಯಾಗಿ ಕಂಡರೆ, ಎಲೆಯ ಹಳದಿಯನ್ನೂ ನಂಬಬಾರದೆಂದು ನೋಡುವವನಿಗೆ ತಿಳಿಯುವುದು.

೫. ಚಿತ್ರವು ನಡುಗದಿರಲು

ಗಾಳಿಯಲ್ಲಿ ಆಡುವ ಎಲೆ, ಉಸಿರಿನೊಡನೆ ಆಡುವ ಕೈ, ಇವೆರಡೂ ಚಿತ್ರವನ್ನು ಕೆಡಿಸುವವು. ಎಡಗೈಯಿಂದ ಎಲೆಯ ಬುಡವನ್ನು ಹಿಡಿದು ನಿಲ್ಲಿಸಬೇಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರನ್ನು ಕ್ಷಣಕಾಲ ತಡೆದು, ಗುಂಡಿಯನ್ನು ಮೆಲ್ಲಗೆ ಒತ್ತಬೇಕು. ನೆಲಕ್ಕೆ ಊರಿದ ಬಿದಿರುಗಳುವಿಗೆ ಫೋನನ್ನು ಒರಗಿಸಿದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಉಳ್ಳವರು ಸೆಕೆಂಡಿನ ೬೦ನೆಯ ಒಂದು ಪಾಲಿಗಿಂತ ನಿಧಾನವಾದ ಷಟರನ್ನು ಬರಿಗೈಯಲ್ಲಿ ಉಪಯೋಗಿಸದಿರುವುದು ಲೇಸು. ಗಾಳಿಯಿದ್ದರೆ ೨೫೦ನೆಯ ಒಂದು ಪಾಲು ಬೇಕಾಗುವುದು.

ಪ್ರತಿ ಮಸೂರಕ್ಕೂ ಒಂದು ಮಿತಿಯುಂಟು. ಅದಕ್ಕಿಂತ ಹತ್ತಿರ ಹೋದರೆ ಬಿಂಬವು ಕೂಡುವುದಿಲ್ಲ. ಸಾಧಾರಣ ಫೋನುಗಳಲ್ಲಿ ಅರ್ಧ ಗೇಣಿನಷ್ಟು ದೂರದಿಂದ ಆರಂಭಿಸಿ, ಚುಕ್ಕೆಯ ಮೇಲೆ ಬೆರಳು ಮುಟ್ಟಿ, ಅದು ಸ್ಪಷ್ಟವಾದ ಮೇಲೆಯೇ ತೆಗೆಯತಕ್ಕದ್ದು. ತೆಗೆದ ಕೂಡಲೇ ಹೊಲದಲ್ಲಿಯೇ ಚಿತ್ರವನ್ನು ಹಿಗ್ಗಿಸಿ ನೋಡಿರಿ. ಚುಕ್ಕೆಯ ಅಂಚು ನಿಮಗೆ ಕಾಣದಿದ್ದರೆ ನಮಗೂ ಕಾಣುವುದಿಲ್ಲ.

೬. ಒಂದು ರೋಗಕ್ಕೆ ನಾಲ್ಕು ಚಿತ್ರಗಳು

ಒಂದೇ ಚಿತ್ರದಿಂದ ರೋಗವನ್ನು ನಿರ್ಣಯಿಸುವುದು ಅಪಾಯಕರ. ಈ ಕೆಳಗಿನ ನಾಲ್ಕನ್ನೂ ತಪ್ಪದೆ ಕಳುಹಿಸಬೇಕು:

ಮೊದಲನೆಯದು, ಬದುವಿನ ಮೇಲೆ ನಿಂತು ಸೂರ್ಯನನ್ನು ಹೆಗಲ ಹಿಂದೆ ಇಟ್ಟುಕೊಂಡು ತೆಗೆದ ಇಡೀ ಹೊಲದ ಚಿತ್ರ. ರೋಗವು ಮಚ್ಚೆಮಚ್ಚೆಯಾಗಿದೆಯೋ, ಅಂಚಿನಿಂದ ಬಂದಿದೆಯೋ, ತಗ್ಗಿನಲ್ಲಿ ಮಾತ್ರ ಇದೆಯೋ ಎಂಬುದು ಇದರಿಂದ ತಿಳಿಯುವುದು. ಎರಡನೆಯದು, ಆರೋಗ್ಯವಾದ ಗಿಡವೂ ರೋಗದ ಗಿಡವೂ ಅಕ್ಕಪಕ್ಕದಲ್ಲಿರುವ ಚಿತ್ರ. ಮೂರನೆಯದು, ಬೇರಿನ ಮಣ್ಣನ್ನು ತೊಳೆದು ಗೋಣಿಯ ಮೇಲೆ ಮಲಗಿಸಿದ ಪೂರ್ಣ ಗಿಡ. ಎಲೆಯಲ್ಲಿ ತೋರುವ ಎಷ್ಟೋ ಬಾಧೆಗಳ ಮೂಲವು ಬೇರಿನಲ್ಲಿರುವುದು. ನಾಲ್ಕನೆಯದು, ಎಲೆಯ ಎರಡೂ ಮುಖಗಳ ಸಮೀಪದ ಚಿತ್ರ. ಪೂರ್ಣವಾಗಿ ಒಣಗಿದ ಎಲೆಯನ್ನು ಆರಿಸಕೂಡದು. ಹಸಿರೂ ರೋಗವೂ ಸಂಧಿಸುವ ಗಡಿಯುಳ್ಳ ಎಲೆಯನ್ನು ಆರಿಸಬೇಕು.

ಚಿತ್ರಗಳ ಜೊತೆಗೆ ತಳಿಯ ಹೆಸರು, ಬಿತ್ತಿದ ಅಥವಾ ನಾಟಿಮಾಡಿದ ದಿನ, ಕೊಟ್ಟ ಗೊಬ್ಬರ, ಸಿಂಪಡಿಸಿದ ಔಷಧ, ಹಿಂದಿನ ವಾರದ ಮಳೆ ಇವಿಷ್ಟನ್ನು ಎರಡು ಸಾಲಿನಲ್ಲಿ ಬರೆದರೆ ನಿರ್ಣಯವು ಬಹಳ ಸುಲಭವಾಗುವುದು.

೭. ಕಳುಹಿಸುವುದು ಮತ್ತು ಕಾದಿಡುವುದು

ವಾಟ್ಸಾಪಿನಲ್ಲಿ ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಕುಗ್ಗಿ ವಿವರಗಳು ನಷ್ಟವಾಗುವವು. ‘ಡಾಕ್ಯುಮೆಂಟ್’ ಎಂಬ ದಾರಿಯಿಂದ ಕಳುಹಿಸಿದರೆ ಮೂಲ ಚಿತ್ರವೇ ತಲಪುವುದು. ಬಣ್ಣ ಏರಿಸುವ, ಅಂದಗೊಳಿಸುವ ಯಾವ ಸಾಧನವನ್ನೂ ಉಪಯೋಗಿಸಕೂಡದು. ಮೂಲ ಚಿತ್ರವನ್ನು ಸುಗ್ಗಿ ಮುಗಿಯುವವರೆಗೆ ಅಳಿಸಬೇಡಿರಿ.

ಬೆಳೆ ವಿಮೆ ಮಾಡಿಸಿದವರು ಇನ್ನೊಂದು ವಿಷಯವನ್ನು ಜ್ಞಾಪಕದಲ್ಲಿಡಬೇಕು. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ, ಆಲಿಕಲ್ಲು ಮಳೆ, ಭೂಕುಸಿತ ಮುಂತಾದ ಸ್ಥಳೀಯ ವಿಪತ್ತಿನಿಂದ ನಷ್ಟವಾದಲ್ಲಿ ೭೨ ಗಂಟೆಗಳೊಳಗಾಗಿ ತಿಳಿಸತಕ್ಕದ್ದು. ಚಿತ್ರವಿದೆಯೆಂಬ ಧೈರ್ಯದಿಂದ ತಿಳಿಸುವುದನ್ನು ತಡಮಾಡಕೂಡದು. ಚಿತ್ರವು ಆಧಾರವೇ ಹೊರತು ಅರ್ಜಿಯಲ್ಲ. ಆದರೆ ಫೋನಿನಲ್ಲಿ ಸ್ಥಳವನ್ನು ಗುರುತಿಸುವ ಸೌಕರ್ಯವನ್ನು ತೆರೆದಿಟ್ಟು, ಮರ, ಬಾವಿ, ಮನೆ ಇಂಥ ಕದಲದ ಗುರುತೊಂದು ಕಾಣುವಂತೆ ಅಂದೇ ತೆಗೆದ ಚಿತ್ರವು, ತನಿಖೆಗೆ ಬಂದವರ ಮುಂದೆ ರೈತನ ಮಾತಿಗೆ ಬಲವನ್ನು ಕೊಡುವುದು.

ಜಮೀನುದಾರರು ಹೊಲದ ಒಂದು ಮೂಲೆಯಲ್ಲಿ ಗೂಟವೊಂದನ್ನು ನೆಟ್ಟು, ಹದಿನೈದು ದಿನಗಳಿಗೊಮ್ಮೆ ಅದೇ ಹೊತ್ತಿನಲ್ಲಿ ಅಲ್ಲಿಯೇ ನಿಂತು, ಅದೇ ದಿಕ್ಕಿಗೆ ಚಿತ್ರ ತೆಗೆದಿಟ್ಟರೆ, ಒಂದೆರಡು ವರ್ಷಗಳಲ್ಲಿ ಅವರ ಕೈಯಲ್ಲಿ ಬೆಲೆಬಾಳುವ ದಾಖಲೆಯೊಂದು ಸಿದ್ಧವಾಗುವುದು. ನೀರು ಎಲ್ಲಿ ನಿಂತಿತು, ರೋಗ ಎಲ್ಲಿಂದ ಮೊದಲಾಯಿತು, ಪೈರು ಎಂದು ಮಲಗಿತು ಎಂಬುದಕ್ಕೆ ನೆನಪನ್ನು ನೆಚ್ಚಬೇಕಾಗಿಲ್ಲ.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಪ್ರತಿ ಗ್ರಾಮದಲ್ಲಿಯೂ ಫೋನನ್ನು ಚೆನ್ನಾಗಿ ಬಳಸಬಲ್ಲ ಒಬ್ಬಿಬ್ಬರು ತರುಣರಿದ್ದಾರೆ. ಅವರನ್ನು ಕರೆದು ಈ ಲೇಖನವನ್ನು ಓದಿಸಿ, ಓದು ಬಾರದ ರೈತರ ಹೊಲಗಳಿಗೆ ಅವರನ್ನು ಕಳುಹಿಸಿ ಚಿತ್ರ ತೆಗೆಸಿಕೊಡಬೇಕಾಗಿ ಕೋರುತ್ತೇನೆ. ನಮ್ಮ ಕಡೆಯಿಂದಲೂ ಒಂದು ಮಾತು: ಬಂದ ಚಿತ್ರವು ಸ್ಪಷ್ಟವಾಗಿಲ್ಲದಿದ್ದರೆ ಮತ್ತೊಂದನ್ನು ಕೇಳುವೆವು. ಹಾಗೆ ಕೇಳಿದಾಗ ಬೇಸರಪಡದೆ, ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಇನ್ನೊಮ್ಮೆ ಹೊಲಕ್ಕೆ ಹೋಗಿ ಬನ್ನಿರಿ. ನನ್ನ ತಪ್ಪು ಸಲಹೆಯಿಂದ ಜಳ್ಳಾದ ಆ ಗದ್ದೆಗೆ, ಅಂಥ ಒಂದು ಬೆಳಗಿನ ಚಿತ್ರವು ಸಾಕಾಗಿತ್ತು.